ಹಳೆಯ ಸಂಚಿಕೆಯಿಂದ ಎದ್ದು ಬಂದ ನೀಲವ್ವ

"ಬಾ ನೀಲಾ, ಈ ಸಲ ಕರೆಂಟ್ ಹೊಡಿಯೂದಿಲ್ಲ," ಎಂದು ಚನ್ನವೀರಪ್ಪ ಕೂಗಿದ್ದೇ ತಡ, ನೀಲವ್ವ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಪಡಸಾಲೆಗೆ ಬಂದಳು. ಗದಗಿನಲ್ಲಿ ರೇಡಿಯೊ ರಿಪೇರಿ ಮಾಡುತ್ತ ಮುದುಕನಾದ ಗಂಡನ ಜೊತೆ ಬಾಳಿದವಳಿಗೆ ಅಷ್ಟಾದರೂ ಎಚ್ಚರ ಬೇಕು.

ಮೇಜಿನ ಮೇಲೆ ಟಿ.ವಿ. ಆಂಟೆನಾ, ಮಿಕ್ಸರಿನ ಮೋಟರು, ನಡುವೆ ಎರಡಕ್ಕೂ ವೈರು ಜೋಡಿಸಿದ ಮೊಬೈಲು. ಅದರಲ್ಲಿ 'ಬೆಳವಲ ವಾರ್ತೆ' ಪತ್ರಿಕೆಯ ಆ್ಯಪ್ ತೆರೆದಿತ್ತು. ಊರು ಒತ್ತಿದರೆ ಊರಿನ ಸುದ್ದಿ, ತಾರೀಖು ಒತ್ತಿದರೆ ಅಂದಿನ ಸಂಚಿಕೆ.

"ಹಳೇ ಪೇಪರಿನ ಫೋಟೊ ಇನ್ನ ಎದ್ದು ಬಂದು ಮುಂದ ನಿಂದರತೈತಿ," ಎಂದ ಚನ್ನವೀರಪ್ಪ, ಎದೆಯುಬ್ಬಿಸಿ.

ಇದೆಲ್ಲ ಪಕ್ಕದ ಮನೆಯ ಸಂಗವ್ವನಿಗಾಗಿ. ಓಣಿಯ ಮಹಿಳಾ ಮಂಡಳದ ಅಧ್ಯಕ್ಷೆ ಅವಳು. ಮಂಡಳದ ರೊಟ್ಟಿ ಸ್ಪರ್ಧೆಗೆ ತೀರ್ಪುಗಾರ್ತಿ ಬೇಕಾಗಿದ್ದಳು. ಮದುವೆಗೆ ಮುಂಚೆ ಜಿಲ್ಲೆಗೇ ಮೊದಲ ಬಹುಮಾನ ಹೊಡೆದಿದ್ದ ನೀಲವ್ವ, ಆ ಕುರ್ಚಿ ತನ್ನದೇ ಎಂದುಕೊಂಡಿದ್ದಳು. "ಗೆದ್ದೀನಿ ಅಂತ ಯಾರ ಬೇಕಾದ್ರೂ ಅಂತಾರ. ನೋಡಿದಾವ್ರು ಯಾರು?" ಎಂದು ಸಂಗವ್ವ ತುಂಬಿದ ಸಭೆಯಲ್ಲಿ ನಕ್ಕುಬಿಟ್ಟಿದ್ದಳು. ಅಂದಿನಿಂದ ನೀಲವ್ವನಿಗೆ ಊಟ ಮೈಗೆ ಹತ್ತಿರಲಿಲ್ಲ.

ಈಗ ಸಂಗವ್ವನನ್ನೇ ಕರೆತಂದು ಕೂರಿಸಿದ್ದರು. ಆ ಬಹುಮಾನದ ಸುದ್ದಿ ಬಂದಿದ್ದ ಸಂಚಿಕೆಯ ಮೂಲೆಯಲ್ಲಿ ರೊಟ್ಟಿ ಹಿಡಿದು ನಗುವ ಹುಡುಗಿ. ಕೆಳಗೆ 'ಗೆದ್ದ ಕುಮಾರಿ ನೀಲಾ'.

"ನೀಲಾ ಅನ್ನಾಕಿ ಊರಿಗೆ ನೂರು ಮಂದಿ ಅದಾರ," ಎಂದಳು ಸಂಗವ್ವ.

ಚನ್ನವೀರಪ್ಪ ಸಿಟ್ಟಿನಿಂದ ಫೋಟೊ ಒತ್ತಿದ. ಮೋಟರು ಗುರುಗುಟ್ಟಿತು. ಮೊಬೈಲಿನಿಂದ ಒಂದು ಎಮ್ಮೆ ಇಳಿಯಿತು. ಅಚ್ಚಿನ ಚುಕ್ಕೆ ಚುಕ್ಕೆಯ, ಕಪ್ಪು-ಬಿಳುಪಿನ ಎಮ್ಮೆ. ಫೋಟೊದ ಪಕ್ಕದಲ್ಲೇ 'ಎಮ್ಮೆ ಕಾಣೆಯಾಗಿದೆ' ಎಂಬ ಜಾಹೀರಾತಿತ್ತು.

"ನಂದು ಬೆರಳು ಜರಾ ದಪ್ಪ," ಎಂದ ಚನ್ನವೀರಪ್ಪ, ಮತ್ತೆ ಒತ್ತಿದ.

ಈ ಸಲ ಕೋಟು ಹಾಕಿದ ಹಿರಿಯರೊಬ್ಬರು ಕತ್ತರಿ ಹಿಡಿದು ಇಳಿದರು. ಉದ್ಘಾಟನೆಯ ಸುದ್ದಿಯವರು. ರಿಬ್ಬನ್ ಹುಡುಕುತ್ತ ಹಿತ್ತಲಿಗೆ ಹೋಗಿ, ಬಟ್ಟೆ ಒಣಹಾಕಿದ ಹಗ್ಗ ಕತ್ತರಿಸಿ, ತಾವೇ ಚಪ್ಪಾಳೆ ತಟ್ಟಿಕೊಂಡರು.

"ಇನ್ನೂ ಏನೇನು ಇಳಸ್ತೀರಿ?" ಎಂದು ನೀಲವ್ವ ಗಂಡನ ಕೈ ಸರಿಸಿ ತನ್ನ ಕಿರುಬೆರಳಿನಿಂದ ಒತ್ತಿದಳು. ಹುಡುಗಿ ಇಳಿದಳು. ಅದೇ ಮೂಗು, ಅದೇ ಗತ್ತು. ನೀಲವ್ವನ ಕಣ್ಣು ತುಂಬಿ ಬಂತು. ಎಷ್ಟು ಚೆಂದ ಇದ್ದೆನಲ್ಲ ಎನ್ನಿಸಿತು.

ಸಂಗವ್ವ ಸೋಲುವವಳಲ್ಲ. "ಹಂಗಾರ ಇಬ್ರೂ ರೊಟ್ಟಿ ಬಡೀರಿ. ಕೈ ನೋಡಿದ್ರ ಗೊತ್ತಾಗತೈತಿ."

"ಹಿಟ್ಟು ಎಲ್ಲೈತ್ರಿ?" ಎಂದಳು ಹುಡುಗಿ, ಸೆರಗು ಸಿಕ್ಕಿಸುತ್ತ.

ಕಾಯಿಸಿಟ್ಟ ನೀರನ್ನು ಎಮ್ಮೆ ಕುಡಿದು ಮುಗಿಸಿ ಹಿತ್ತಲಿಗೆ ಹೋಗಿತ್ತು. ಮತ್ತೆ ಕಾಯಿಸಿ, ಹಿಟ್ಟು ನಾದಿ, ಇಬ್ಬರೂ ಎದುರು ಬದುರು ಕೂತರು. ಇಬ್ಬರ ಕೈಗಳೂ ಒಂದೇ ತಾಳಕ್ಕೆ ಬಿದ್ದವು. ಇಬ್ಬರೂ ಎಡಗೈ ಮಣಿಕಟ್ಟಿನಿಂದ ಹಣೆ ಒರೆಸಿಕೊಂಡರು. ಹುಡುಗಿಯ ರೊಟ್ಟಿ ಹಂಚಿನ ಮೇಲೆ ಪೂರ್ತಿ ಉಬ್ಬಿತು. ನೀಲವ್ವನದು ಅಂಚಿನಲ್ಲಿ ಬಿರಿಯಿತು.

ಸಂಗವ್ವ ಎರಡನ್ನೂ ತಿಂದಳು. "ಈ ಹುಡುಗೀದು ಜರಾ ಪೇಪರಿನ ಮಸಿ ವಾಸನಿ ಐತಿ. ಆದ್ರ ಮೊದಲನೇದು ಇದಽ."

ನೀಲವ್ವನ ಮುಖ ಇಳಿಯಿತು. ಮರುಕ್ಷಣ ಏರಿತು. "ಅಂದ್ರ ಗೆದ್ದಾಕಿ ಯಾರವ್ವ?"

"ನೀನಽ," ಎಂದಳು ಸಂಗವ್ವ, ಬೇರೆ ದಾರಿಯಿಲ್ಲದೆ. "ಸೋತಾಕಿನೂ ನೀನಽ."

"ಸೋತದ್ದು ಯಾರಿಗೂ ಹೇಳಬ್ಯಾಡ. ತೀರ್ಪುಗಾರ್ತಿ ಕುರ್ಚಿ ಒರೆಸಿ ಇಡು."

ಅಷ್ಟರಲ್ಲಿ ಹುಡುಗಿ ಕೇಳಿದಳು, "ಈ ಅಜ್ಜ ಯಾರ್ರೀ?"

ಚನ್ನವೀರಪ್ಪ ಕೂದಲು ಸವರಿಕೊಂಡ. "ನಾನಾ? ನಿನ್ನ ಗಂಡ ಆಗಾಂವ."

ಹುಡುಗಿ ಅವನ ಸುಟ್ಟ ಮೀಸೆ, ತೂತು ಬಿದ್ದ ಬನಿಯನ್ನನ್ನು ನೋಡಿದಳು. ಸೆರಗು ಎತ್ತಿ ಹಿಡಿದು ನೇರ ಮೊಬೈಲಿಗೆ ಹಾರಿದಳು. ಕತ್ತರಿಯವರೂ ಅವಳ ಹಿಂದೆಯೇ ಓಡಿದರು. ಮೋಟರು ಡಬ್ ಎಂದು ಸುಟ್ಟುಹೋಯಿತು. ಎಮ್ಮೆ ಮಾತ್ರ ಹಿತ್ತಲಲ್ಲೇ ಉಳಿಯಿತು. ಕಾಣೆಯಾದ ಎಮ್ಮೆ ಅದರ ಯಜಮಾನನಿಗೆ ಸಿಗದೇ ಇದ್ದದ್ದು ಇದಕ್ಕೇ ಇರಬೇಕು.

ಸಂಗವ್ವ ಹೋದ ಮೇಲೆ ನೀಲವ್ವ ಆ ಸಂಚಿಕೆಯನ್ನು ಮತ್ತೆ ತೆರೆದಳು. ಫೋಟೊದ ಹುಡುಗಿ ಈಗ ನಗುತ್ತಿರಲಿಲ್ಲ. ಕಣ್ಣರಳಿಸಿ ಗಾಬರಿಯಿಂದ ನೋಡುತ್ತಿದ್ದಳು.

"ನೀವು ಹೆಣ್ಣು ನೋಡಾಕ ಬಂದಾಗ, ಈ ಮುಖ ಎಲ್ಲೋ ನೋಡೀನಲ್ಲ ಅನ್ನಿಸಿತ್ತು," ಎಂದಳು ನೀಲವ್ವ ನಿಧಾನವಾಗಿ.

ಚನ್ನವೀರಪ್ಪನ ಎದೆ ಮತ್ತೆ ಉಬ್ಬಿತು. "ಅಂದ್ರ ಎಲ್ಲಾ ನೋಡಿದ ಮ್ಯಾಲೂ ಒಪ್ಪಿದಿ!"

"ಹೌದು. ಜಿಲ್ಲಾದಾಗ ರೊಟ್ಟಿಗೆ ಬಹುಮಾನ ಕೊಟ್ರು. ಈ ಧೈರ್ಯಕ್ಕ ಯಾರೂ ಕೊಡಲಿಲ್ಲ."