ಬೇಲಿಯ ಸದ್ದಿಗೆ ಕಿವುಡಾದ ಚಿಪ್ ಮಹಾಶಯರಿಗೆ

ಹಂಗಳ, ಗುಂಡ್ಲುಪೇಟೆ ತಾಲ್ಲೂಕು
೧೯೯೮ರ ಮಳೆಗಾಲ

ಮಾನ್ಯ ಆಂಪ್ಲಿಫೈಯರ್ ಚಿಪ್ ಮಹಾಶಯರೇ,

ಸಾಸಿವೆ ಕಾಳಿನಷ್ಟಿದ್ದರೂ ಸಕಲವನ್ನೂ ಕೇಳಬಲ್ಲಿರೆಂದು ಹೆಸರಾದ ತಮ್ಮ ಪಾದಗಳಿಗೆ, ಅಂದರೆ ಎಲ್ಲ ಪಿನ್ನುಗಳಿಗೂ, ತಮ್ಮನ್ನು ಕಣ್ಣು ಕೆಡಿಸಿಕೊಂಡು ವಿನ್ಯಾಸ ಮಾಡಿದ ಶಿವರಂಜಿನಿಯ ಸಾಷ್ಟಾಂಗ ನಮಸ್ಕಾರಗಳು.

ಒಂಟಿ ಸಲಗದ ಕೊರಳಿಗೆ ಸಂಶೋಧಕರು ಕಟ್ಟಿದ ರೇಡಿಯೋ ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತದೆ. ಆ ಬಡಕಲು ಸದ್ದನ್ನು ತಮ್ಮ ಸ್ವಂತದ ಗೊರಗೊರ ಸೇರಿಸದೆ ದೊಡ್ಡದು ಮಾಡಿ, ಎರಡು ಪೆನ್ ಟಾರ್ಚ್ ಸೆಲ್ಲಿನಲ್ಲೇ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡು, ಆನೆ ಹತ್ತಿರ ಬಂದರೆ ಗಂಟೆ ಬಾರಿಸುವುದಷ್ಟೇ ತಮಗೆ ವಹಿಸಿದ್ದ ಕೆಲಸ. ಮೈಸೂರಿನ ಪ್ರಯೋಗಾಲಯದಲ್ಲಿ ತಾವು ಕರೆಂಟು ಸೇವಿಸುತ್ತಿದ್ದ ರೀತಿ ನೋಡಿದರೆ ಏಕಾದಶಿ ಮಾಡುವವರೂ ನಾಚಿಕೊಳ್ಳಬೇಕಿತ್ತು. ಡಬ್ಬದೊಳಗೆ ಕೂರಿಸಿ ತೋಟದಲ್ಲಿಟ್ಟ ತಮ್ಮನ್ನು ನಂಬಿಯೇ ನನ್ನ ಸೋದರತ್ತೆ ಮಾದಮ್ಮನವರು, ಕಟಾವಿಗೆ ಬಂದಿದ್ದ ನೇಂದ್ರ ಬಾಳೆ ತೋಟದ ಕಾವಲು ಅಟ್ಟಣೆಯಿಂದಿಳಿದು, ಎಷ್ಟೋ ವರ್ಷಗಳ ಮೇಲೆ ಮನೆಯಲ್ಲಿ ಚಾಪೆ ಹಾಸಿ ಮಲಗಿದರು.

ಅಷ್ಟರಲ್ಲಿ ಪಕ್ಕದ ಹೊಲದ ನಂಜುಂಡಪ್ಪನವರು ಕರೆಂಟು ಬೇಲಿ ಹಾಕಿಸಿದರು. ಅದೂ ಸೆಕೆಂಡಿಗೊಮ್ಮೆ ಟಿಕ್ ಎನ್ನುವ ಜಾತಿಯದೇ, ಆದರೆ ಆನೆಯ ಟಿಕ್ಕಿಗಿಂತ ಸಾವಿರ ಪಾಲು ಜೋರು. ಉಪವಾಸದಿಂದ ಸೊರಗಿದ್ದ ತಾವು ಆ ಒಂದೊಂದು ಟಿಕ್ಕಿಗೂ ತಲೆ ತಿರುಗಿ ಬೀಳುತ್ತಿದ್ದಿರಿ; ಚೇತರಿಸಿಕೊಂಡು ಎದ್ದು ಕೂರುವುದರೊಳಗೆ ಮುಂದಿನ ಟಿಕ್ಕು ಬಂದು ಮತ್ತೆ ಮಲಗಿಸುತ್ತಿತ್ತು. ಈ ನಡುವೆ ಒಂದು ರಾತ್ರಿ ಬಂದ ಸಲಗದ ಸದ್ದನ್ನು ಕೇಳಲು ತಮಗೆ ಪುರುಸೊತ್ತೆಲ್ಲಿ? ಅದು ಅರ್ಧ ತೋಟವನ್ನು ಸಾವಕಾಶವಾಗಿ ಮುಗಿಸಿ ಹೋಯಿತು. ಬೆಳಿಗ್ಗೆ ಮುರಿದು ಬಿದ್ದ ಗೊನೆಗಳ ನಡುವೆ ನಿಂತ ಅತ್ತೆ ನನ್ನನ್ನು ಬೈಯಲಿಲ್ಲ. "ಡಬ್ಬ ನಿದ್ದೆ ಮಾಡಕಿಲ್ಲ ಅಂದ್ಯಲ್ಲ ಕಣಮ್ಮಿ, ಅದ್ಕೇ ನಾನು ಮಲೀಕಂಬುಟ್ಟೆ" ಎಂದರು, ಅಷ್ಟೇ. ನನಗೆ ಅಳು ಬಂತು. ತಾವು ಮಾತ್ರ ಗಂಭೀರವಾಗಿ ಡಬ್ಬದಲ್ಲಿ ಕೂತಿದ್ದಿರಿ.

ತಮಗೆ ಕರೆಂಟು ಹೆಚ್ಚು ಕೊಟ್ಟರೆ ಸೆಲ್ಲು ಸಾಯುತ್ತದೆ, ಕಡಿಮೆ ಕೊಟ್ಟರೆ ತಾವು ಸಾಯುತ್ತೀರಿ. ಆದಕಾರಣ ಸವಿನಯ ಪ್ರಾರ್ಥನೆಯೇನೆಂದರೆ, ತಾವು ಇನ್ನು ಮುಂದೆ ಹೊಟ್ಟೆ ತುಂಬ ಕರೆಂಟು ಕುಡಿದು, ಆದರೆ ಸೆಲ್ಲು ಒಂದಿಷ್ಟೂ ಸವೆಯದಂತೆ ನೋಡಿಕೊಂಡು, ನಂಜುಂಡಪ್ಪನವರ ಬೇಲಿಯ ಕಡೆಗೆ ಬೆನ್ನು ಹಾಕಿ ಕಾಡಿನ ಕಡೆಗೆ ಮಾತ್ರ ಕಿವಿ ಕೊಡಬೇಕು. ಅದು ಕಷ್ಟವಾದರೆ, ಹೊರಡುವ ಮುಂಚೆ ಒಂದು ಮಾತು ಹೇಳಿಕಳಿಸುವಂತೆ ಸಲಗದವರನ್ನಾದರೂ ಒಪ್ಪಿಸಬೇಕು. ತಮ್ಮನ್ನು ಇಷ್ಟು ಉಪವಾಸ ಕೆಡವಿದ್ದು ಯಾರು ಎಂಬ ಹಳೆಯ ವಿಚಾರವನ್ನು ದಯವಿಟ್ಟು ಈ ಸಂದರ್ಭದಲ್ಲಿ ಎತ್ತಬಾರದು.

ಇಂತಿ ತಮ್ಮನ್ನು ಹೆತ್ತು ಹೆಸರು ಕೆಡಿಸಿಕೊಂಡ,
ತಮ್ಮ ವಿಶ್ವಾಸಿ
ಶಿವರಂಜಿನಿ

ಮರೆತ ಮಾತು: ಉಳಿದರ್ಧ ತೋಟಕ್ಕೆ ಅತ್ತೆ ಬೇರೆ ಆಂಪ್ಲಿಫೈಯರ್ ನೇಮಿಸಿದ್ದಾರೆ. ಅದಕ್ಕೆ ಸೆಲ್ಲು ಬೇಡ, ಬೇಲಿಗೆ ಬೆಚ್ಚುವುದಿಲ್ಲ, ಆನೆ ಸುಳಿದರೆ ಊರಿಗೆಲ್ಲ ಕೇಳುವಂತೆ ಕಿರುಚುತ್ತದೆ, ಹೊತ್ತಿಗೊಂದು ರಾಗಿಮುದ್ದೆ ಹಾಕಿದರೆ ಸಾಕು. ಈ ಪತ್ರವನ್ನು ಅಟ್ಟಣೆಯ ಮೇಲೆ ಕೂತು ಬರೆಯುತ್ತಿರುವುದು ಅದೇ.