ಕೋರಂ ಕಾಯ್ದ ಕಡೇಮನಿ ದ್ಯಾಮಣ್ಣ

ಕಡತಗಳು ಕುಲಪರ್ವತಗಳಂತೆ ಬೆಳೆದು ನಿಂತಿದ್ದ ಆ ಸಮಿತಿಯುಗವನ್ನೂ, ಕೆಳಮನೆಯ ಕೇಸರಿ, ತಿದ್ದುಪಡಿಧುರಂಧರ, ಅಖಂಡಚಹಾಪಾನವ್ರತಿ ಕಡೇಮನಿ ದ್ಯಾಮಣ್ಣನನ್ನೂ ಬಣ್ಣಿಸುವ ಶಕ್ತಿ ಕೊಡು, ತಾಯಿ ವಾಗ್ದೇವಿ!

ಉಭಯ ಸದನಗಳಿಂದ ಆಯ್ದ ಮೂವತ್ತು ಮಹಾರಥರ ಜಂಟಿ ಸಮಿತಿಯ ಮುಂದೆ ದೂರಪ್ರಯಾಣದ ಬಸ್ಸುಗಳ ಮಸೂದೆಯಿತ್ತು. ಅಂದೇ ಕಡೆಯ ಸಭೆ. ಹತ್ತು ಜನ ಕೂತಿದ್ದರೆ ಮಾತ್ರ ಕೋರಂ. ಒಬ್ಬ ಹೊರನಡೆದರೂ ಸಭೆ ಬರಖಾಸ್ತು, ಮಸೂದೆ ಮಣ್ಣುಪಾಲು. ಇಪ್ಪತ್ತು ಮಂದಿ ಗೋಡಂಬಿ ಮುಕ್ಕಿ, ಹಾಜರಿಗೆ ರುಜು ಹಾಕಿ, ಆಗಲೇ ಜಾಗ ಖಾಲಿ ಮಾಡಿದ್ದರು. ಉಳಿದವರು ಸರಿಯಾಗಿ ಹತ್ತು.

ಎರಡು ಗಂಟೆಗೊಮ್ಮೆ ಶೌಚಾಲಯವಿರುವಲ್ಲಿ ಬಸ್ಸು ನಿಲ್ಲಲೇಬೇಕೆಂಬುದು ದ್ಯಾಮಣ್ಣನ ತಿದ್ದುಪಡಿ. ಬಸ್ಸು ಹತ್ತುವ ದಿನ ಬೆಳಗಿನಿಂದ ಹನಿ ನೀರೂ ಮುಟ್ಟದ ಅಕ್ಕ ನೀಲವ್ವನ ಒಣಗಿದ ತುಟಿ ನೆನೆದರೆ ಅವನಿಗೆ ಕರುಳು ಚುರ್ ಎನ್ನುತ್ತಿತ್ತು.

ಎದುರಾದವರು ಮೇಲ್ಮನೆಯ ಮೇರು, ಅದೇ ಮಸೂದೆಯಲ್ಲಿ ಚಾಲಕರ ನಿದ್ರೆಗೆಂದೇ ಒಂದು ಕಲಮು ಬರೆಸಿದ್ದ ವಾದವಿಶಾರದ ಭುಜಂಗ ಶೆಟ್ಟರು.

"ನಾಲ್ಕು ಗಂಟೆ ಸಾಕು ಮಾರಾಯ್ರೆ! ನಿಲ್ಲಿಸ್ತಾ ಹೋದ್ರೆ ಬಸ್ಸು ಊರು ಮುಟ್ಟುವುದು ಯಾವಾಗ? ಸ್ವಲ್ಪ ತಡ್ಕೊಳ್ಳಲಿ. ನಾನೆಲ್ಲ ತಡ್ಕೊಳ್ಳುವುದಿಲ್ವಾ?" ಎಂದು ಗರ್ಜಿಸಿ ನಾಲ್ಕನೆಯ ಕಪ್ ಚಹಾ ಏರಿಸಿದರು.

"ಈ ಮಾತು ನೆನಪಿರ್ಲಿ ಸಾಹೇಬ್ರ! ಕಲಮು ಗೆಲ್ಲೂತನಕಾ ನಾ ಈ ಕೋಲಿ ಬಿಟ್ಟು ಹೊರಗ ಹೋಗಂಗಿಲ್ಲ!" ಎಂದು ಪ್ರತಿಜ್ಞೆಗೈದ ದ್ಯಾಮಣ್ಣ ಐದನೆಯದನ್ನು ಏರಿಸಿದ.

ವಾಗ್ಯುದ್ಧ ಮೂರನೆಯ ತಾಸಿಗೆ ಕಾಲಿಟ್ಟಾಗ ಶೆಟ್ಟರ ಮೊಣಕಾಲು ಕುಣಿಯತೊಡಗಿತು. ಹಣೆಯಲ್ಲಿ ಬೆವರು. ಕಡೆಗೆ ಎದ್ದೇಬಿಟ್ಟರು. ತನ್ನೊಳಗೂ ಐದು ಕಪ್ಪುಗಳ ಕಡಲು ಭೋರ್ಗರೆಯುತ್ತಿದ್ದರೂ ಹಲ್ಲು ಕಚ್ಚಿ ದ್ಯಾಮಣ್ಣ ಬಾಗಿಲಿಗೆ ಅಡ್ಡ ನಿಂತ.

"ನೀವು ಹೊಸ್ತಿಲಾ ದಾಟಿದ್ರ ಕೋರಂ ಹೋತು. ನಿಮ್ಮ ಡ್ರೈವರ್ ನಿದ್ದಿನೂ ಹೋತು. ಒಂದು ಹೂಂ ಅನ್ರಿ, ಮುಗೀತದ."

"ಆಯ್ತು ಮಾರಾಯ್ರೆ, ಎರಡೇ ಗಂಟೆ! ಬೇಕಾದ್ರೆ ಒಂದೂವರೆ ಬರ್ಕೊಳ್ಳಿ!"

ಅಧ್ಯಕ್ಷೆ ನಗು ನುಂಗಿಕೊಂಡು ಮೇಜು ಕುಟ್ಟಿದರು. ಎರಡೂ ಕಲಮುಗಳು ಒಪ್ಪಿಗೆಯಾದವು, ವರದಿ ಅಂಗೀಕಾರವಾಯಿತು. ಇನ್ನು ಅಕ್ಕ ದಾರಿಯಲ್ಲಿ ಹೊಟ್ಟೆತುಂಬ ನೀರು ಕುಡಿಯಬಹುದೆಂದು ದ್ಯಾಮಣ್ಣನ ಕಣ್ಣು ತುಂಬಿತು. ಆದರೆ ಅಳುವುದಕ್ಕೆ ಪುರುಸೊತ್ತಿರಲಿಲ್ಲ.

ಉಭಯ ಸದನಗಳ ಇಬ್ಬರು ವೀರರೂ ಪಂಚೆ ಎತ್ತಿಕೊಂಡು ಮೊಗಸಾಲೆಯುದ್ದಕ್ಕೂ ಓಡಿದರು. ಅಲ್ಲಿದ್ದ ಎರಡು ಶೌಚಾಲಯಗಳಲ್ಲಿ ಒಂದಕ್ಕೆ ಬೀಗ.

"ನಮ್ಮದು ಹಿರಿಯರ ಮನೆ!" ಎನ್ನುತ್ತ ಶೆಟ್ಟರು ಇನ್ನೊಂದರೊಳಗೆ ನುಗ್ಗಿ ಚಿಲಕ ಹಾಕಿಕೊಂಡರು.

ತಿದ್ದುಪಡಿಧುರಂಧರನು ಹೊರಗೆ ಕಾಲ ಮೇಲೆ ಕಾಲು ಹೆಣೆದು ನಿಂತು ಬಾಗಿಲು ಬಡಿದ:

"ಸಾಹೇಬ್ರ, ಲಗೂನ ಬರ್ರಿ! ಎರಡು ತಾಸು ಬರ್ದದ್ದು ಬಸ್ಸಿಗೆ, ನನಗಲ್ಲ!"