ಮಾವನ ಮೂಗು ಮತ್ತು ಹೈಬ್ರಿಡ್ ಮೀನು

ನಮ್ಮ ಮಾವನವರಂಥ ಶುದ್ಧ ಸಸ್ಯಾಹಾರಿ ಮೀನುಗಾರ ಇಡೀ ಐರ್ಲೆಂಡಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಮೊಟ್ಟೆ ಹಾಕಿದ ಕೇಕ್ ಇಟ್ಟಿದ್ದ ತಟ್ಟೆಯನ್ನು ಎರಡೆರಡು ಸಲ ತೊಳೆಸುವ ಮನುಷ್ಯ ಬೆಳಗೆದ್ದು ಗಾಳ ಹಿಡಿದು ಹೊರಟರೆ ಸೊಸೆಯ ಗತಿ ಏನಾಗಬೇಕು ಹೇಳಿ! ಅದೂ ಅವರಿಗೆ ಸಿಕ್ಕಸಿಕ್ಕ ಮೀನು ಆಗುತ್ತಿರಲಿಲ್ಲ. ಅಪ್ಪ ಒಂದು ಜಾತಿ, ಅಮ್ಮ ಇನ್ನೊಂದು ಜಾತಿಯಾದ ಹೈಬ್ರಿಡ್ ಮೀನೇ ಬೇಕು. ಬೇರೆಯದು ಬಿದ್ದರೆ “ನಿನ್ನನ್ನ ಯಾರಪ್ಪಾ ಕರೆದರು?” ಎಂದು ವಿಚಾರಿಸಿಕೊಂಡು ನೀರಿಗೆ ಬಿಡುತ್ತಿದ್ದರು.

ಮೀನಿನ ಕಥೆಗೆ ಹೋಗುವ ಮೊದಲು ಮೂಗಿನ ಕಥೆ ಹೇಳಬೇಕು. ಮಾವ ಮೈಸೂರಿನ ಊದಿನಕಡ್ಡಿ ಕಾರ್ಖಾನೆಯೊಂದರಲ್ಲಿ ಸುಗಂಧ ಬೆರೆಸುವ ಕೆಲಸ ಮಾಡಿ ನಿವೃತ್ತರಾದವರು. ಬೆರೆಸಿದ್ದನ್ನು ಅಂಗೈಗೆ ತಿಕ್ಕಿ, ಕಣ್ಣು ಮುಚ್ಚಿ ಮೂಸಿ, “ಸಾಂಬ್ರಾಣಿ ಇನ್ನೊಂಚೂರು ಬೀಳಲಿ” ಎಂದರೆ ಅದೇ ಕೊನೆಯ ಮಾತು. ಆ ಅಭ್ಯಾಸ ನಿವೃತ್ತಿಯ ಮೇಲೂ ಬಿಡಲಿಲ್ಲ. ಬಾಗಿಲ ಚಿಲಕ ಮುಟ್ಟಿದರೆ ಕೈ ಮೂಸುವುದು, ಪೋಸ್ಟಿನ ಲಕೋಟೆ ಮುಟ್ಟಿದರೆ ಕೈ ಮೂಸುವುದು. ಮುಖ ಮುಟ್ಟಿಕೊಳ್ಳಬೇಡಿ ಎಂದು ಇಡೀ ಪ್ರಪಂಚ ಬಾಯಿ ಬಡಿದುಕೊಳ್ಳುತ್ತಿದ್ದ ಕಾಲದಲ್ಲಿ!

ಅತ್ತೆ ತೀರಿಕೊಂಡ ಮೇಲೆ ಒಂದಷ್ಟು ದಿನ ನಮ್ಮ ಜೊತೆ ಇರಲಿ ಎಂದು ಇಲ್ಲಿಯ ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ಗೆ ಕರೆಸಿಕೊಂಡಿದ್ದೆವು. ಅವರು ಬಂದರು, ಹಿಂದೆಯೇ ಲಾಕ್‌ಡೌನ್ ಬಂತು, ವಿಮಾನ ನಿಂತಿತು. ಮಾವ ಮಹಡಿಯ ಕೋಣೆಯಲ್ಲಿ ಕೂತು ನನ್ನ ಅಡುಗೆಗೆ ವೀಕ್ಷಕ ವಿವರಣೆ ಕೊಡತೊಡಗಿದರು. “ಸಾಸಿವೆ ಸೀಯ್ತು ಕಣಮ್ಮಾ!” “ಮೆಂತ್ಯ ಒಂದು ಕಾಳು ಜಾಸ್ತಿ ಬಿತ್ತಲ್ಲ!” ಅಷ್ಟು ದೂರದಿಂದ ಇವರಿಗೆ ಹೇಗೆ ಗೊತ್ತಾಗುತ್ತದೆ? ಬಾಣಲೆಗೇ ಮುಚ್ಚಳ ಹಾಕಿ ಒಗ್ಗರಣೆ ಕೊಟ್ಟು ನೋಡಿದೆ. “ಮುಚ್ಚಿಟ್ಟರೆ ಕರಿಬೇವು ಘಮ ಅನ್ನಲ್ಲಮ್ಮ,” ಎಂದು ಮೇಲಿನಿಂದ ಅಶರೀರವಾಣಿ ಬಂತು. ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಚಳಿಗಾಲದಲ್ಲಿ ನಮಗೆಲ್ಲ ಕೋವಿಡ್ ಬಂತು. ನಾನೂ ನನ್ನ ಗಂಡನೂ ಕೆಮ್ಮಿ ಎದ್ದೆವು. ಮಾವನಿಗೆ ಜ್ವರ ಬಂದಂತೆಯೇ ಹೋಯಿತು, ಹೋಗುವಾಗ ಮೂಗನ್ನು ಜೊತೆಗೆ ಒಯ್ದಿತು. ವಾಸನೆ ತಿರುಗಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಫೋನಿನಲ್ಲೇ ಹೇಳಿದರು. ದಿನಾ ಲವಂಗ, ನಿಂಬೆಹಣ್ಣು ಮೂಸಿ ಅಭ್ಯಾಸ ಮಾಡಿ ಎಂದರು. ಊದಿನಕಡ್ಡಿ ಬೆರೆಸಿದವರಿಗೆ ಮೂಸುವ ಪಾಠ! ಮಾವ ಲವಂಗ ಹಿಡಿದು ಕೂತರು.

ಅವರು ತಾವೇ ಕೈಯಾರೆ ಬೆರೆಸಿದ ಊದಿನಕಡ್ಡಿಯ ಒಂದು ಕಟ್ಟನ್ನು ಮೈಸೂರಿನಿಂದ ತಂದಿದ್ದರು. ಅತ್ತೆಗೆ ಬಲು ಇಷ್ಟವಾಗಿದ್ದ ಘಮ ಅದು. ದಿನಾ ಬೆಳಿಗ್ಗೆ ಒಂದು ಹಚ್ಚಿ ಅದರ ಮುಂದೆ ಮೂಗೊಡ್ಡಿ ನಿಲ್ಲುವರು. ಇಲ್ಲಿಯ ಮನೆಗಳ ಸ್ಮೋಕ್ ಅಲಾರಂ ಗೊತ್ತಲ್ಲ, ದೋಸೆ ಹೊಯ್ದರೂ ಊರು ಹತ್ತಿ ಉರಿದಂತೆ ಕಿರುಚಿಕೊಳ್ಳುತ್ತದೆ. ನಾನು ಟವಲ್ ಹಿಡಿದು ಓಡಿಹೋಗಿ ಅದರ ಕೆಳಗೆ ಬೀಸುವೆ. ಒಂದು ದಿನ ಮಾವ ಸೂರು ನೋಡುತ್ತ ಹೇಳಿದರು, “ಆ ಪ್ಲಾಸ್ಟಿಕ್ ಡಬ್ಬಿಗೆ ಬರೋ ವಾಸನೆ ನನಗೆ ಬರ್ತಿಲ್ವಲ್ಲಮ್ಮ.”

ನನ್ನ ಅಡುಗೆಯ ಬಗ್ಗೆ ಮಾತೇ ನಿಂತುಹೋಯಿತು. ಇಲ್ಲಿಯವರು ಎಲ್ಲದಕ್ಕೂ ‘ಚೆನ್ನಾಗಿದೆ’ ಎನ್ನಲು ಬಳಸುವ ಒಂದು ಪದವನ್ನು ಪಕ್ಕದ ಮನೆಯವರಿಂದ ಕಲಿತು ಹಿಡಿದುಕೊಂಡರು. ಸಾರು ಹೇಗಿದೆ ಮಾವ? “ಗ್ರ್ಯಾಂಡ್.” ಪಲ್ಯ? “ಗ್ರ್ಯಾಂಡ್.” ಒಂದು ದಿನ ಬೇಳೆ ತಳ ಹಿಡಿದು ಕರಕಲಾಗಿತ್ತು. ಅದೂ ಗ್ರ್ಯಾಂಡ್! ಇಷ್ಟು ವರ್ಷ ಅವರ ಬಾಯಿಂದ ಹೊಗಳಿಕೆ ಬರಲಿ ಎಂದು ಹಂಬಲಿಸಿದವಳಿಗೆ ಆ ಪದ ಕೇಳಿದರೆ ಊಟವೇ ಸೇರುತ್ತಿರಲಿಲ್ಲ.

ಪಕ್ಕದ ಮನೆಯವರೆಂದರೆ ಒಬ್ಬ ನಿವೃತ್ತ ಬಸ್ ಡ್ರೈವರ್. ಬೇಲಿಯಾಚೆಯಿಂದ ಮಾವನ ಜೊತೆ ಹರಟುತ್ತಿದ್ದರು. ಲಾಕ್‌ಡೌನ್ ನಿಯಮದಂತೆ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ, ಆದರೆ ಹತ್ತಿರದ ಅಣೆಕಟ್ಟೊಂದರ ಹಿನ್ನೀರಿನ ಒಂದು ಮೂಲೆ ಅಷ್ಟರೊಳಗೇ ಇತ್ತು. ಅಲ್ಲಿ ಮೀನು ಹಿಡಿಯೋಣ ಬಾ ಎಂದು ಅವರು ಮಾವನನ್ನು ಕರೆದರು. ಮಾವ ಹೌಹಾರುತ್ತಾರೆ ಅಂದುಕೊಂಡರೆ, ಮುಖವರಳಿಸಿಕೊಂಡು ಒಳಗೆ ಬಂದರು.

“ಹಿಡಿದು ಮತ್ತೆ ನೀರಿಗೇ ಬಿಡ್ತಾರಂತೆ ಕಣಮ್ಮ! ಕೊಲ್ಲೋ ಹಾಗಿಲ್ಲ, ತಿನ್ನೋ ಹಾಗಿಲ್ಲ. ನಮ್ಮಂಥೋರಿಗೇ ಹೇಳಿ ಮಾಡಿಸಿದ ಹಾಗಿದೆ.”

“ಗಾಳ ಚುಚ್ಚಲ್ವಾ ಮಾವ?”

“ಮಕ್ಕಳಿಗೆ ಕಿವಿ ಚುಚ್ಚಿಸಲ್ವಾ? ಹಾಗೇ.”

ಆ ಹಿನ್ನೀರಿನಲ್ಲಿ ಬ್ರೀಮ್ ಎಂಬ ಮೀನಿದೆ. ತಟ್ಟೆಯ ಹಾಗೆ ಚಪ್ಪಟೆ, ಕಂಚಿನ ಬಣ್ಣ, ಮೈತುಂಬ ಲೋಳೆ. ರೋಚ್ ಎಂಬುದೂ ಇದೆ. ಬೆಳ್ಳಿ ಮೈ, ಕೆಂಪು ಕಣ್ಣು. ಎರಡೂ ಒಂದೇ ಕಡೆ ಮೊಟ್ಟೆಯಿಡುವುದರಿಂದ ಕಲಬೆರಕೆಯಾಗಿ ಹೈಬ್ರಿಡ್ ಹುಟ್ಟುತ್ತದೆ. ಮೇಲ್ನೋಟಕ್ಕೆ ಅದು ಬ್ರೀಮಿನಂತೆಯೇ ಕಾಣುತ್ತದೆ. ಆದರೆ ಹೊಟ್ಟೆಯಡಿ ಬಾಲದ ಕಡೆಗಿರುವ ರೆಕ್ಕೆಯ ಕಡ್ಡಿಗಳನ್ನು ಎಣಿಸಿದರೆ ಗುಟ್ಟು ರಟ್ಟು: ಬ್ರೀಮಿಗಿಂತ ಕಡಿಮೆ, ರೋಚ್‌ಗಿಂತ ಜಾಸ್ತಿ. ಗಾಳಕ್ಕೆ ಬಿದ್ದರೆ ಅಪ್ಪ ಅಮ್ಮ ಇಬ್ಬರಿಗಿಂತ ಹೆಚ್ಚು ಎಳೆದಾಡುತ್ತದಂತೆ. ಇದನ್ನು ಕೇಳಿದ್ದೇ ಮಾವನ ಕಣ್ಣಲ್ಲಿ ಮಿಂಚು ಬಂತು. “ಅಂದ್ರೆ ಯಾರೋ ಚೆನ್ನಾಗಿ ಬೆರೆಸಿದ ಮಾಲು ಅನ್ನಮ್ಮ! ಎರಡು ಸೇರಿ ಮೂರನೇದು ಆಗ್ಬೇಕು, ಅದೇ ಕೈಗುಣ. ನಾನು ಅದನ್ನೇ ಹಿಡಿಯೋದು.” ಮೂಗಿಲ್ಲದಿದ್ದರೂ ಬೆರಕೆಯನ್ನು ಗುರುತಿಸಬಲ್ಲೆ ಎಂದು ತಮಗೆ ತಾವೇ ತೋರಿಸಿಕೊಳ್ಳಬೇಕಿತ್ತೇನೋ. ನಾನು ತಡೆಯಲಿಲ್ಲ.

ಡ್ರೈವರ್ ಸಾಹೇಬರು ಗಾಳಕ್ಕೆ ಸಿಕ್ಕಿಸುವುದು ಹುಳ. ಮಾವ ಹುಳ ಮುಟ್ಟುತ್ತಾರೆಯೇ? ಮೀನಿಗೂ ಸಾತ್ವಿಕ ಊಟವೇ ಆಗಬೇಕು! ಗೋಧಿಹಿಟ್ಟು, ಬೆಲ್ಲ ಕಲಸಿದರು. ಘಾಟಿಗೆ ಹಿಂಗು ಇರಲಿ ಎಂದರು. “ಒಂದು ಚಿಟಿಕೆ ಸಾಕು ಮಾವ,” ಎಂದು ನಾನು ಮೀಟಿಂಗಿಗೆ ಕೂತೆ. ಅವರು ಒಂದು ಚಿಟಿಕೆ ಹಾಕಿ ಅಂಗೈ ಮೂಸಿದರಂತೆ, ಏನೂ ಬರಲಿಲ್ಲ. ಇನ್ನೊಂದು ಹಾಕಿ ಮೂಸಿದರು, ಇಲ್ಲ. ಹಾಕಿದರು, ಮೂಸಿದರು, ಡಬ್ಬಿಯೇ ಖಾಲಿ! ಕಾರ್ಕ್ ಪೇಟೆಯಲ್ಲಿ ಹಿಂಗು ಸಿಗದೆ ಡಬ್ಲಿನ್ನಿನಿಂದ ಕೊರಿಯರ್‌ನಲ್ಲಿ ತರಿಸಿದ್ದೆ! ನನ್ನ ಗಂಡ ಕಚೇರಿಯ ಕಾಲ್ ಅರ್ಧಕ್ಕೆ ಬಿಟ್ಟು ಕಿಟಕಿಗಳನ್ನೆಲ್ಲ ತೆರೆದ. ಬೇಲಿಯಾಚೆಯಿಂದ ಡ್ರೈವರ್ ಸಾಹೇಬರು ಕಾಳಜಿಯಿಂದ ವಿಚಾರಿಸಿದರು, ನಿಮ್ಮ ಮೋರಿ ಏನಾದರೂ ಕಟ್ಟಿಕೊಂಡಿದೆಯಾ ಎಂದು.

ಅದರಿಂದ ಒಂದು ಉಪಕಾರವಾಯಿತು. ಹಿನ್ನೀರಿನ ದಾರಿಯಲ್ಲಿ ಗಾರ್ಡಾ, ಅಂದರೆ ಇಲ್ಲಿಯ ಪೊಲೀಸರು, ಕಾರುಗಳನ್ನು ನಿಲ್ಲಿಸಿ ಎಲ್ಲಿಗೆ, ಯಾಕೆ ಎಂದು ಕೇಳುತ್ತಿದ್ದರು. ನಾನು ಕಿಟಕಿ ಇಳಿಸಿದೆ. ಹಿಂದಿನ ಸೀಟಿನಲ್ಲಿ ಮಾವ, ತೊಡೆಯ ಮೇಲೆ ಹಿಟ್ಟಿನ ಪಾತ್ರೆ. ಬಗ್ಗಿದ ಪೊಲೀಸಿನವ ಮಾಸ್ಕಿನ ಮೇಲೆ ಕೈಯನ್ನೂ ಮುಚ್ಚಿಕೊಂಡು ಎರಡು ಮೀಟರಿಗೂ ಹಿಂದೆ ಸರಿದ. ಎಲ್ಲಿಗೆ ಎಂದು ಕೇಳಲೇ ಇಲ್ಲ, ಹೋಗಿ ಹೋಗಿ ಎಂದು ಕೈ ಬೀಸಿದ. “ಎಷ್ಟು ಒಳ್ಳೇ ಜನ ನೋಡಮ್ಮ,” ಎಂದರು ಮಾವ.

ಮೀನಿಗೆ ಹಿಂಗು ಹಿಡಿಸುತ್ತದೆಯೆಂದು ಯಾರಿಗೆ ಗೊತ್ತಿತ್ತು? ಸಾಲುಸಾಲಾಗಿ ಬಂದವು. ನನ್ನ ಪಾತ್ರೆ ತೊಳೆಯುವ ಹಳದಿ ಗ್ಲೌಸ್ ಹಾಕಿಕೊಂಡು ಮಾವ, ಮಗುವನ್ನು ಎತ್ತಿಕೊಂಡಂತೆ ಎತ್ತಿ ನೋಡುವರು. “ಬ್ರೀಮ್. ಹೋಗಪ್ಪ.” “ರೋಚ್. ಕಣ್ಣು ಕೆಂಪಗೆ ಮಾಡ್ಕೋಬೇಡ, ಬಿಡ್ತೀನಿ.” ಹೈಬ್ರಿಡ್ ಮಾತ್ರ ಇಲ್ಲ. ಹೀಗೆ ಎಷ್ಟೋ ವಾರ ಹೋದೆವು. ಮನೆಯಲ್ಲಿ ಲವಂಗ ಮೂಸುವುದನ್ನು ಅವರು ಬಿಟ್ಟೇಬಿಟ್ಟಿದ್ದರು.

ಕೊನೆಗೊಂದು ದಿನ ಗಾಳದ ಕೋಲು ಬಿಲ್ಲಿನಂತೆ ಬಾಗಿತು. ಮಾವ ಕೆಸರಿನಲ್ಲಿ ಜಾರಿ ಕೂತರು, ಕೂತಲ್ಲೇ ಎಳೆದರು. ಡ್ರೈವರ್ ಸಾಹೇಬರು ಬಲೆಯೊಡ್ಡಿ ಎತ್ತಿ, ಇದು ಬ್ರೀಮ್ ಎಂದು ತೀರ್ಪು ಕೊಟ್ಟರು. “ನೋ ನೋ,” ಎಂದ ಮಾವ ಗ್ಲೌಸ್ ಕಿತ್ತೆಸೆದು, ಕೈ ಒದ್ದೆ ಮಾಡಿಕೊಂಡು, ಜೀವನದಲ್ಲಿ ಮೊದಲ ಬಾರಿಗೆ ಬರಿಗೈಯಲ್ಲಿ ಮೀನು ಮುಟ್ಟಿದರು. ರೆಕ್ಕೆ ಬಿಡಿಸಿ, ಸುಗಂಧ ಬೆರೆಸಿದ ಆ ಬೆರಳುಗಳಿಂದ ಒಂದೊಂದೇ ಕಡ್ಡಿ ಎಣಿಸಿದರು. ಡ್ರೈವರ್ ಸಾಹೇಬರೂ ಎಣಿಸಿ, ಟೋಪಿ ತೆಗೆದರು. ಹೈಬ್ರಿಡ್! ಮಾವ ಅದಕ್ಕೆ ನಮಸ್ಕಾರ ಮಾಡಿ ನೀರಿಗೆ ಬಿಟ್ಟರು. ಆಮೇಲೆ ಅಭ್ಯಾಸದಂತೆ ಅಂಗೈ ಮೂಸಿದರು. ಮತ್ತೊಮ್ಮೆ ಮೂಸಿದರು.

“ಕೈಗೆ ಸ್ಯಾನಿಟೈಸರ್ ಹಾಕ್ಕೊಳ್ಳಿ ಮಾವ.”

“ಬೇಡ, ಇರಲಿ.”

ದಾರಿಯುದ್ದಕ್ಕೂ ಅಂಗೈಯನ್ನು ಮುಖಕ್ಕೆ ಹಿಡಿದು ಕೂತಿದ್ದರು. ಗೆದ್ದು ಬಂದವರಿಗೆ ಏನಾಯಿತಪ್ಪಾ ಎಂದು ನನಗೆ ಹೆದರಿಕೆಯೇ ಆಯಿತು. ಮನೆಗೆ ಬಂದವರು ಕೈಕೂಡ ತೊಳೆಯದೆ ಮಹಡಿ ಹತ್ತಿದರು. ಕೈ ತೊಳೆಯದೆ, ಆ ಮಡಿಯ ಮನುಷ್ಯ! ನಾನು ಸಾರಿಗೆ ಒಗ್ಗರಣೆ ಇಟ್ಟೆ. ಅಷ್ಟರಲ್ಲಿ ಅಲಾರಂ ಕಿರುಚಿತು. ಟವಲ್ ಹಿಡಿದು ಓಡಿದೆ.

ಮಾವ ಹೊಗೆಯಾಡುವ ಊದಿನಕಡ್ಡಿಯ ಮುಂದೆ ಕೂತಿದ್ದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

“ಬೀಸಬೇಡಮ್ಮ, ಹೊಡ್ಕೊಳ್ಳಲಿ. ನನಗೂ ವಾಸನೆ ಬಂತು ಅಂತ ಆ ಡಬ್ಬಿಗೆ ಹೇಳು. ಮೊದಲು ಕೈಯಲ್ಲಿ ಮೀನು, ಈಗ ಇದು. ಎಲ್ಲೋ ದೂರದಿಂದ ಬಂದ ಹಾಗೆ, ಇಷ್ಟೇ ಇಷ್ಟು. ಆದ್ರೆ ಅವಳದೇ ಘಮ ಕಣಮ್ಮ.”

ನಾನು ಟವಲನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮಾವ ಕಣ್ಣು ಒರೆಸಿಕೊಂಡು, ಬಾಗಿಲ ಕಡೆ ತಿರುಗಿ, ಮೂಗನ್ನು ಮೆಲ್ಲಗೆ ಮೇಲೆತ್ತಿದರು.

“ಅಮ್ಮಾ, ಸಾಸಿವೆ ಸೀಯ್ತಾ ಇದೆ.”

“ಸೀಯಲಿ ಬಿಡಿ ಮಾವ,” ಎಂದೆ.